ಆಟದ ಇಟ್ಟಿಗೆಯೂ ಪಾಳುಗೋಡೆಯೂ

ಆಟಿಕೆ ಎಂದ ಕೂಡಲೆ ವಿಮರ್ಶಕನು ಕನ್ನಡಕ ತೆಗೆದು ಮಡಿಸಿಡುವುದು ವಾಡಿಕೆ. ಕಾವ್ಯಕ್ಕೆ ಮೀಮಾಂಸೆಯುಂಟು, ಶಿಲ್ಪಕ್ಕೆ ಶಾಸ್ತ್ರವುಂಟು, ಚಿತ್ರಕ್ಕೂ ಸಂಗೀತಕ್ಕೂ ಪತ್ರಿಕೆಯ ಪುಟಗಳಲ್ಲಿ ಒಂದಿಷ್ಟು ಜಾಗವುಂಟು. ಆಟಿಕೆಗೆ ಮಾತ್ರ ಅಂಗಡಿಯ ಬೆಲೆಪಟ್ಟಿಯಲ್ಲದೆ ಬೇರೆ ವಿಮರ್ಶೆ ಇಲ್ಲ. ಮಕ್ಕಳ ಕೈಗೆ ಹೋಗುವ ವಸ್ತು, ಮುರಿದು ಮೂಲೆ ಸೇರುವ ವಸ್ತು, ಅದರ ಗುಣವೇನು ದೋಷವೇನು ಎಂಬ ಭಾವನೆ ಇದಕ್ಕೆ ಕಾರಣವಿರಬೇಕು. ಆದರೆ ಒಂದು ಆಟಿಕೆ ಈ ಗೆರೆಯನ್ನು ದಾಟಿ ಬಹಳ ದಿನಗಳಾದುವು. ಒಂದರ ಮೇಲೊಂದು ಕಚ್ಚಿ ಕೂರುವ ಆ ಪ್ಲಾಸ್ಟಿಕ್ ಇಟ್ಟಿಗೆ, ಲೆಗೊ ಎಂಬ ಹೆಸರಿನಿಂದ ನಗರಗಳ ಮನೆಮನೆಗೂ ಪರಿಚಿತವಾದದ್ದು, ಈಗ ದೊಡ್ಡವರ ಕೈಯಲ್ಲಿ ರೋಮಿನ ಕೊಲೊಸಿಯಮ್ ಆಗಿ, ಅಥೆನ್ಸಿನ ಅಕ್ರೊಪೊಲಿಸ್ ಆಗಿ, ಮಧ್ಯಯುಗದ ಕಮ್ಮಾರಸಾಲೆಯಾಗಿ, ಮುಳುಗಿದ ಹಡಗಾಗಿ ನಿಲ್ಲುತ್ತಿದೆ. ವಸ್ತುಸಂಗ್ರಹಾಲಯಗಳು ಅದಕ್ಕೆ ತಮ್ಮ ಸಭಾಂಗಣವನ್ನು ಬಿಟ್ಟುಕೊಟ್ಟಿವೆ. ಇತಿಹಾಸವನ್ನು ಹೇಳುತ್ತೇನೆಂದು ಹೊರಟ ಮೇಲೆ ಅದು ಆಟಿಕೆಯಾದರೇನು, ಗ್ರಂಥವಾದರೇನು? ಹೇಳಿದ್ದು ನಿಜವೆ, ಬಿಟ್ಟದ್ದು ಏನು, ಬಿಟ್ಟದ್ದು ಏಕೆ ಎಂದು ಕೇಳುವ ಹಕ್ಕು ನೋಡುವವನಿಗೆ ಬಂದೇ ಬರುತ್ತದೆ.

ಆ ಪ್ರಶ್ನೆಯನ್ನು ಇಲ್ಲಿ ಕೇಳಬೇಕೆಂದಿದೆ. ಇಟ್ಟಿಗೆಯ ಮಾದರಿಗಳನ್ನು ಹೊಗಳುವವರು ಸಾಮಾನ್ಯವಾಗಿ ಹೊಗಳುವುದು ಹೋಲಿಕೆಯನ್ನು: ಎಷ್ಟು ತದ್ವತ್ತಾಗಿದೆ, ಎಷ್ಟು ಸಾವಿರ ತುಂಡುಗಳು, ಎಷ್ಟು ತಿಂಗಳ ಶ್ರಮ! ಶ್ರಮವನ್ನು ಮೆಚ್ಚಬೇಕಾದ್ದೇ. ಆದರೆ ತದ್ವತ್ತಾಗಿರುವುದು ಇತಿಹಾಸದ ಲಕ್ಷಣವಲ್ಲ. ಅದು ನಕಲಿನ ಲಕ್ಷಣ. ಇತಿಹಾಸವೆಂದರೆ ಕಾಲ. ಕಾಲವನ್ನು ಒಳಗೊಳ್ಳದ ಮಾದರಿ ಎಷ್ಟೇ ಸುಂದರವಾಗಿದ್ದರೂ ಅಲಂಕಾರದ ವಸ್ತುವಾಗಿಯೇ ಉಳಿಯುತ್ತದೆ.

ಇಟ್ಟಿಗೆಯ ಛಂದಸ್ಸು

ಮೊದಲು ಪರಿಕರದ ಮಾತು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ 1932ರಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಮರದ ಆಟಿಕೆಗಳನ್ನು ಮಾಡತೊಡಗಿದ. 1934ರಲ್ಲಿ ‘ಚೆನ್ನಾಗಿ ಆಡು’ ಎಂಬ ಅರ್ಥದ ಎರಡು ಡೇನಿಷ್ ಮಾತುಗಳನ್ನು ಕೂಡಿಸಿ ತನ್ನ ಕಾರ್ಖಾನೆಗೆ ಲೆಗೊ ಎಂದು ಹೆಸರಿಟ್ಟ. 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆ ಬಂತು. ಅದು ಇಂಗ್ಲೆಂಡಿನ ಹಿಲರಿ ಫಿಷರ್ ಪೇಜ್ ರೂಪಿಸಿದ್ದ ಇಟ್ಟಿಗೆಯ ಮೇಲ್ಪಂಕ್ತಿಯಲ್ಲಿ ಹುಟ್ಟಿದ್ದು. ಆ ಮೊದಲ ಇಟ್ಟಿಗೆಯ ಒಳಗೆಲ್ಲ ಪೊಳ್ಳು, ಹಿಡಿತ ಸಾಲದು. 1958ರ ಜನವರಿ 28ರಂದು ಮಗ ಗಾಡ್‌ಫ್ರೆಡ್ ಹೊಸದೊಂದು ರಚನೆಗೆ ಪೇಟೆಂಟಿನ ಅರ್ಜಿ ಹಾಕಿದ: ಇಟ್ಟಿಗೆಯ ಒಳಗೆ ಕೊಳವೆಗಳು, ಮೇಲೆ ಗುಬುಟುಗಳು, ಕೆಳಗಿನ ಇಟ್ಟಿಗೆಯ ಗುಬುಟು ಮೇಲಿನ ಇಟ್ಟಿಗೆಯ ಕೊಳವೆಗೂ ಗೋಡೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಅಂದಿನ ಇಟ್ಟಿಗೆ ಇಂದಿನ ಇಟ್ಟಿಗೆಗೆ ಈಗಲೂ ಕಚ್ಚುತ್ತದೆ. ಅರವತ್ತು ವರ್ಷಕ್ಕೂ ಮೀರಿ ಮಾತು ಕೆಡದೆ ಉಳಿದ ಭಾಷೆ ಅದು ಎನ್ನಬಹುದು.

ಭಾಷೆಯೆಂದ ಮೇಲೆ ಅದಕ್ಕೊಂದು ಛಂದಸ್ಸೂ ಉಂಟು. ಒಂದು ಗುಬುಟಿನಿಂದ ಮುಂದಿನ ಗುಬುಟಿಗೆ 8 ಮಿಲಿಮೀಟರು. ಇಟ್ಟಿಗೆಯ ಎತ್ತರ 9.6, ಚಪ್ಪಟೆ ಹಲಗೆಯ ಎತ್ತರ 3.2. ಆದ್ದರಿಂದ ಮೂರು ಹಲಗೆ ಸೇರಿದರೆ ಒಂದು ಇಟ್ಟಿಗೆ. ಐದು ಹಲಗೆಯ ಎತ್ತರ ಎರಡು ಗುಬುಟಿನ ಅಗಲಕ್ಕೆ ಸರಿಸಮ. ಈ ಕೊನೆಯ ಲೆಕ್ಕ ನೋಡುವುದಕ್ಕೆ ಸಣ್ಣದು. ಆದರೆ ಇಟ್ಟಿಗೆಯನ್ನು ಮಲಗಿಸಿ, ಗುಬುಟು ಪಕ್ಕಕ್ಕೆ ಮುಖಮಾಡುವಂತೆ ಕಟ್ಟುವ ವಿದ್ಯೆಯೆಲ್ಲ ನಿಂತಿರುವುದು ಇದರ ಮೇಲೆ. ಭಾಮಿನಿಯಲ್ಲಿ ಮೂರು ನಾಲ್ಕರ ನಡೆ ಹೇಗೋ ಇಲ್ಲಿ ಐದು ಎರಡರ ನಡೆ ಹಾಗೆ. ಎಂಟು ಗುಬುಟಿನ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ವಿಧಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕಹಾಕಿದ್ದಾರೆ. ನಿಯಮ ಬಿಗಿಯಾದಷ್ಟೂ ಸಾಧ್ಯತೆ ಹಿಗ್ಗುತ್ತದೆಂಬುದಕ್ಕೆ ಕವಿಗಳಷ್ಟೇ ಸಾಕ್ಷಿಯಲ್ಲ.

ಆದರೆ ಛಂದಸ್ಸಿಗೆ ಒಗ್ಗದ ಮಾತೂ ಉಂಟಲ್ಲ? ಇಟ್ಟಿಗೆಗೆ ಒಗ್ಗದ್ದು ವರ್ತುಲ, ಇಳಿಜಾರು, ಸವೆತ. ಚೌಕದ ಲೋಕದಲ್ಲಿ ಹುಟ್ಟಿದ ಪರಿಕರಕ್ಕೆ ರೋಮಿನ ರಂಗಮಂಟಪದ ಅಂಡಾಕಾರ ಒಂದು ದೊಡ್ಡ ಸವಾಲು. ನಮ್ಮ ಸೋಮನಾಥಪುರದ 1258ರ ಕೇಶವ ದೇವಾಲಯವನ್ನೇ ತೆಗೆದುಕೊಳ್ಳಿ. ಹದಿನಾರು ಮೂಲೆಯ ಆ ನಕ್ಷತ್ರದ ತಳಪಾಯ ಹುಟ್ಟುವುದು ಚೌಕವನ್ನು ಅದರ ನಡುಬಿಂದುವಿನ ಸುತ್ತ ತಿರುಗಿಸುತ್ತ ಹೋದರೆ. ತಿರುಗಿದ ಚೌಕದ ಗುಬುಟು ತಿರುಗದ ಚೌಕದ ಗುಬುಟಿಗೆ ಎದುರಾಗುವುದೇ ಇಲ್ಲ; ಪ್ರತಿ ಮೂಲೆಯನ್ನೂ ಕೀಲಿನ ಮೇಲೆ ಬೇರೆಯಾಗಿ ಕಟ್ಟಿ ತಂದು ಸೇರಿಸಬೇಕು. ಹೊಯ್ಸಳ ಶಿಲ್ಪಿಗೆ ಸಹಜವಾದದ್ದು ಇಟ್ಟಿಗೆಯವನಿಗೆ ಸಾಹಸ. ಹೀಗೆ ಪರಿಕರವು ಯಾವುದಕ್ಕೆ ಸುಲಭವಾಗಿ ಒಲಿಯುತ್ತದೆಯೋ ಅದೇ ಇತಿಹಾಸ ಹೆಚ್ಚು ಹೆಚ್ಚಾಗಿ ಕಟ್ಟಲ್ಪಡುವುದು. ಯೂರೋಪಿನ ಕೋಟೆಯ ನೇರ ಗೋಡೆಗೆ, ಚೌಕದ ಬುರುಜಿಗೆ, ಹಲ್ಲುಹಲ್ಲಾದ ತಲೆಗೆ ಇಟ್ಟಿಗೆ ತಾನಾಗಿ ಒಲಿಯುತ್ತದೆ. ಇಂಥ ಮಾದರಿಗಳ ಪ್ರದರ್ಶನಗಳಲ್ಲಿ ಕೋಟೆಗಳೇ ಕಿಕ್ಕಿರಿಯುವುದಕ್ಕೆ ಇದೂ ಒಂದು ಕಾರಣ.

ಸ್ವಂತವಾಗಿ ಕಟ್ಟುವವರ ನಿಜವಾದ ಜಾಣ್ಮೆ ಕಾಣುವುದು ಮೂರನೆಯದರಲ್ಲಿ, ಸವೆತದಲ್ಲಿ. ಕಾರ್ಖಾನೆಯಿಂದ ಬಂದ ಇಟ್ಟಿಗೆ ನುಣುಪು, ಅದಕ್ಕೆ ವಯಸ್ಸಾಗುವುದಿಲ್ಲ. ಮುನ್ನೂರು ವರ್ಷ ಮಳೆ ಕುಡಿದ ಗೋಡೆಯನ್ನು ಅದರಲ್ಲಿ ತೋರಿಸುವುದು ಹೇಗೆ? ಬೂದು ಬಣ್ಣದ ನಡುವೆ ಅಲ್ಲಲ್ಲಿ ಕಂದು, ಹುಲ್ಲುಹಸಿರು ಸೇರಿಸುತ್ತಾರೆ. ನುಣುಪಾದ ಬಿಲ್ಲೆಯನ್ನು ಪೂರ್ತಿ ಒತ್ತದೆ ಕೂದಲೆಳೆಯಷ್ಟು ಓರೆಯಾಗಿ ಬಿಡುತ್ತಾರೆ. ಸಾಲಿನ ನಡುವೆ ಒಂದು ದುಂಡು ತುಂಡನ್ನಿಟ್ಟು ಗಾರೆ ಉದುರಿದ ಹಾಗೆ ಮಾಡುತ್ತಾರೆ. ತಪ್ಪಾಗಿ ಕೂರಿಸುವುದನ್ನು ಕಲೆಯಾಗಿ ಕಲಿತಿದ್ದಾರೆ. ಪರಿಕರದ ಸ್ವಭಾವಕ್ಕೆ ವಿರುದ್ಧವಾಗಿ ಈಜಿದಾಗಲೇ ಇಟ್ಟಿಗೆಗೆ ಕಾಲದ ರುಚಿ ಹತ್ತುವುದು.

ನಗುವ ಯೋಧರು

ಕಂಪನಿಯ ಇತಿಹಾಸಪ್ರೀತಿ ಶುರುವಾದುದು 1978ರ ಹಳದಿ ಕೋಟೆಯಿಂದ. ಕೋಟೆಗೆ ಹಳದಿ ಬಣ್ಣ ಏಕೆ? ಬೂದು ಇಟ್ಟಿಗೆ ರಾಶಿಯಾಗಿ ಸಿಕ್ಕರೆ ಮಕ್ಕಳು ಟ್ಯಾಂಕು ಕಟ್ಟಿಯಾರೆಂದು ಕಂಪನಿ ಹಿಂಜರಿದಿತ್ತೆಂದು ಹೇಳುತ್ತಾರೆ. ಅದೇ ವರ್ಷ ಕೈಕಾಲಾಡಿಸುವ ನಾಲ್ಕು ಸೆಂಟಿಮೀಟರಿನ ಬೊಂಬೆಯೂ ಬಂತು: ಹಳದಿ ಮುಖ, ಎರಡು ಕಪ್ಪು ಚುಕ್ಕೆಯ ಕಣ್ಣು, ಒಂದು ಮುಗುಳ್ನಗೆ. ಮುತ್ತಿಗೆ ಹಾಕಿದವನೂ ನಗುತ್ತಾನೆ, ಮುತ್ತಿಗೆಗೆ ಸಿಕ್ಕವನೂ ನಗುತ್ತಾನೆ. 1989ರ ಕಡಲ್ಗಳ್ಳರ ಮಾಲೆಯಿಂದ ಮುಖಗಳಲ್ಲಿ ವೈವಿಧ್ಯ ಬಂದಿತು. ಸಿಟ್ಟಿನ ಮುಖಗಳೂ ಬಂದುವು. ಆದರೂ ಮೂಲತತ್ತ್ವ ಬದಲಾಗಲಿಲ್ಲ: ಬಹು ಹಿಂದಿನ ಯುದ್ಧ ಆಟವಾದೀತು, ಹತ್ತಿರದ ಯುದ್ಧ ಆಟವಾಗಕೂಡದು. ಕತ್ತಿ, ಈಟಿ, ಕಡಲ್ಗಳ್ಳನ ತೋಪು ಸರಿ. ಇಂದಿನ ಸೈನ್ಯದ ವಾಹನ ಸಲ್ಲದು. 2020ರಲ್ಲಿ ಸೈನ್ಯಗಳು ಬಳಸುವ ಒಂದು ವಿಮಾನದ ಮಾದರಿಯನ್ನು ಕಂಪನಿಯು ಬಿಡುಗಡೆಗೆ ಮೊದಲೇ ಹಿಂತೆಗೆದುಕೊಂಡಿತು.

ಈ ಸಂಕೋಚವನ್ನು ಹಗುರಾಗಿ ಕಾಣಬೇಕಾಗಿಲ್ಲ. ಲಾಭವೊಂದನ್ನೇ ನೋಡುವ ವ್ಯಾಪಾರಿಗೆ ಇಷ್ಟೂ ಇರುವುದಿಲ್ಲ. ಆದರೆ ಇದರಿಂದ ಒಂದು ವಿಚಿತ್ರ ಸಿದ್ಧಾಂತ ಹುಟ್ಟಿಬಿಡುತ್ತದೆ: ಸಾಕಷ್ಟು ಹಳೆಯದಾದರೆ ನೋವು ತಾನಾಗಿ ಆರಿಹೋಗುತ್ತದೆ ಎಂಬುದು. 2023ರಲ್ಲಿ ಬಂದ ವೈಕಿಂಗ್ ಹಳ್ಳಿಯಲ್ಲಿ ಕಮ್ಮಾರಸಾಲೆಯುಂಟು, ನಾಯಕನ ಉದ್ದಮನೆಯುಂಟು, ಕಾವಲು ಗೋಪುರವುಂಟು. ವೈಕಿಂಗರು ಊರುಗಳನ್ನು ದೋಚಿ ಹಿಡಿದು ತಂದು ಮಾರುತ್ತಿದ್ದ ಸೆರೆಯಾಳುಗಳು ಎಲ್ಲಿಯೂ ಇಲ್ಲ. ಅವರು ಅಳಿದು ಸಾವಿರ ವರ್ಷ ಸಂದಿರುವುದರಿಂದ ಆಕ್ಷೇಪಿಸುವವರೂ ಇಲ್ಲ.

ದೊಡ್ಡವರಿಗಾಗಿಯೇ, ಹದಿನೆಂಟು ವರ್ಷ ತುಂಬಿದವರಿಗೆಂದು ಗುರುತು ಹಾಕಿ ಮಾರುವ ಪೆಟ್ಟಿಗೆಗಳಲ್ಲಿಯೂ ಇದೇ ಕಥೆ. 2021ರ ಟೈಟಾನಿಕ್ ಹಡಗಿನಲ್ಲಿ 9,090 ತುಂಡುಗಳು. ಉದ್ದ 135 ಸೆಂಟಿಮೀಟರು. ಒಳಗಿನ ಭವ್ಯ ಸೋಪಾನವನ್ನೂ ಯಂತ್ರದ ಕೋಣೆಯನ್ನೂ ನೋಡಲೆಂದು ಹಡಗನ್ನು ಮೂರು ಭಾಗವಾಗಿ ಬಿಡಿಸಬಹುದು. 1912ರ ಏಪ್ರಿಲ್ ನಡುರಾತ್ರಿಯಲ್ಲಿ ಸುಮಾರು 1,500 ಜನರನ್ನು ನುಂಗಿ ತಾನೂ ಎರಡಾಗಿ ಮುರಿದ ಹಡಗು ಅದೆಂಬುದನ್ನು ನೆನೆದರೆ ಆ ಬಿಡಿಸುವಿಕೆ ಕೈಯನ್ನು ಒಂದು ಕ್ಷಣ ತಡೆಯಬೇಕು. ಮಾದರಿ ತಡೆಯುವುದಿಲ್ಲ. ಅದರಲ್ಲಿ ಒಬ್ಬ ಪ್ರಯಾಣಿಕನ ಬೊಂಬೆಯೂ ಇಲ್ಲ. ಟೈಟಾನಿಕ್ಕಿನ ಎಲ್ಲವೂ ಪೆಟ್ಟಿಗೆಯಲ್ಲಿದೆ, ನೀರೊಂದನ್ನು ಬಿಟ್ಟು.

2020ರ ಕೊಲೊಸಿಯಮ್ ಇನ್ನೂ ಕುತೂಹಲದ ವಸ್ತು. 9,036 ತುಂಡುಗಳ ಈ ಕೃತಿ ಹೊರಬಂದಾಗ ತುಂಡುಗಳ ಲೆಕ್ಕದಲ್ಲಿ ಕಂಪನಿಯ ಅತಿ ದೊಡ್ಡ ಪೆಟ್ಟಿಗೆಯಾಗಿತ್ತು. ಡೋರಿಕ್, ಅಯೋನಿಕ್, ಕೊರಿಂಥಿಯನ್ ಎಂಬ ಮೂರು ಬಗೆಯ ಕಂಬಗಳನ್ನು ಮೂರು ಅಂತಸ್ತಿನಲ್ಲಿ ಬೇರೆಬೇರೆಯಾಗಿ ತೋರಿಸಿದ ಕುಶಲತೆ ಮೆಚ್ಚತಕ್ಕದ್ದು. ಇದು ಕಟ್ಟಿರುವುದು ಕ್ರಿಸ್ತಶಕ 80ರಲ್ಲಿ ಟೈಟಸ್ ಚಕ್ರವರ್ತಿ ತೆರೆದ ಹೊಸ ಮಂಟಪವನ್ನಲ್ಲ. ಇಂದು ನಿಂತಿರುವ ಪಾಳನ್ನು. ಇದನ್ನು ಕಂಡು ನಾವು ಸಂತೋಷಪಡಬೇಕಲ್ಲವೆ? ಪಡಬಹುದು, ಅರ್ಧ ಮಾತ್ರ. ಏಕೆಂದರೆ ಕೈಪಿಡಿಯ ಪುಟ ಹೇಳಿದಲ್ಲಿಯೇ ಗೋಡೆ ನಿಲ್ಲುತ್ತದೆ. ಸಾವಿರಾರು ಮನೆಗಳಲ್ಲಿ ಒಂದೇ ಕಡೆ, ಒಂದೇ ರೀತಿ ಮುರಿದು ನಿಲ್ಲುತ್ತದೆ. 1349ರ ಭೂಕಂಪ ಮಾಡಿದ್ದನ್ನು, ಆ ಮೇಲೆ ರೋಮಿನವರೇ ತಮ್ಮ ಮನೆ ಅರಮನೆಗಳಿಗೆ ಕಲ್ಲು ಹೊತ್ತೊಯ್ದು ಮಾಡಿದ್ದನ್ನು ಕಟ್ಟುವವನು ಎಲ್ಲಿಯೂ ಎದುರಿಸುವುದಿಲ್ಲ. ಪಾಳು ಇಲ್ಲಿ ಒಂದು ಆಕಾರ, ಘಟನೆಯಲ್ಲ.

ಇದೇ ಕಂಪನಿ ಇದಕ್ಕಿಂತ ಚೆನ್ನಾಗಿ ಯೋಚಿಸಿದ ಎರಡು ಸಂದರ್ಭಗಳನ್ನು ಹೇಳದಿದ್ದರೆ ಅನ್ಯಾಯವಾದೀತು. 2008ರಲ್ಲಿ ಬಂದ ತಾಜಮಹಲಿನಲ್ಲಿ 5,922 ತುಂಡುಗಳಿದ್ದುವು. 2021ರದು ಅದಕ್ಕಿಂತ ಬಹಳ ಚಿಕ್ಕದು, 2,022 ತುಂಡುಗಳದು. ಆದರೆ ಅದರ ನೆಲಮಾಳಿಗೆಯಲ್ಲಿ ಮುಮ್ತಾಜಳದೂ ಶಹಜಹಾನನದೂ ಗೋರಿಗಳಿವೆ. ಕಟ್ಟಿ ಮುಗಿದ ಮೇಲೆ ಅವು ಕಣ್ಣಿಗೆ ಬೀಳುವುದಿಲ್ಲ. ಕಟ್ಟಿದವನಿಗೆ ಮಾತ್ರ ಗೊತ್ತು, ಈ ಬೆಳ್ಳನೆಯ ವೈಭವದ ಅಡಿಯಲ್ಲಿ ಇರುವುದು ಎರಡು ಸಾವು ಎಂದು. ದೊಡ್ಡ ತಾಜಿಗಿಂತ ಸಣ್ಣ ತಾಜು ಹೆಚ್ಚು ನಿಜವಾದದ್ದು ಹೀಗೆ. ಇನ್ನೊಂದು, 2024ರ ಪ್ಯಾರಿಸಿನ ನೋತ್ರ್ ದಾಮ್. 4,383 ತುಂಡುಗಳ ಈ ಇಗರ್ಜಿಯನ್ನು ಕಟ್ಟುವ ಕ್ರಮವು 1163ರಿಂದ ಶತಮಾನಗಳ ಕಾಲ ಅದು ಬೆಳೆದ ಕ್ರಮವನ್ನೇ ಅನುಸರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಶಿಖರ ಕೊನೆಗೆ ಬರುತ್ತದೆ. ಇದು ಸಾಮಾನ್ಯ ಯೋಚನೆಯಲ್ಲ. ಮಾದರಿಯ ಕಥನವಿರುವುದು ಅದರ ರೂಪದಲ್ಲಲ್ಲ, ಕಟ್ಟುವ ಅನುಕ್ರಮದಲ್ಲಿ ಎಂಬುದನ್ನು ಯಾರೋ ಅರಿತಿದ್ದಾರೆ. ಮುಗಿದ ಮೇಲೆ ಅದು ಕಪಾಟಿನ ಶೋಭೆ. ಕಟ್ಟುವಾಗ ಮಾತ್ರ ಚರಿತ್ರೆ.

ಸಿಡ್ನಿಯ ಮೂರು ಕೃತಿಗಳು

ಕೈಪಿಡಿಯಿಲ್ಲದೆ ಸ್ವಂತವಾಗಿ ಕಟ್ಟಿದ ಇತಿಹಾಸಕ್ಕೆ ನಾವು ನೋಡಬೇಕಾದದ್ದು ಆಸ್ಟ್ರೇಲಿಯದ ಕಡೆಗೆ. ಸಿಡ್ನಿ ವಿಶ್ವವಿದ್ಯಾಲಯದ ನಿಕೊಲ್ಸನ್ ವಸ್ತುಸಂಗ್ರಹಾಲಯವು ಪುರಾತನ ಗ್ರೀಸ್, ರೋಮ್, ಈಜಿಪ್ಟುಗಳ ಸಂಗ್ರಹಕ್ಕೆ ಹೆಸರಾಗಿತ್ತು. ಅದಕ್ಕಾಗಿ ರಾಯನ್ ಮೆಕ್‌ನಾಟ್ ಎಂಬ ಕುಶಲಿ ಮೂರು ದೊಡ್ಡ ಮಾದರಿಗಳನ್ನು ಕಟ್ಟಿದ: 2012ರಲ್ಲಿ ಕೊಲೊಸಿಯಮ್, 2013ರಲ್ಲಿ ಅಕ್ರೊಪೊಲಿಸ್, 2015ರಲ್ಲಿ ಪೊಂಪೆ. ಮೊದಲನೆಯದಕ್ಕೆ ಸುಮಾರು ಎರಡು ಲಕ್ಷ ಇಟ್ಟಿಗೆಗಳು. ಎರಡನೆಯದಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮಿಕ್ಕಿ. ಮೂರನೆಯದಕ್ಕೆ ಸುಮಾರು ಒಂದು ಲಕ್ಷ ತೊಂಬತ್ತು ಸಾವಿರ.

ಕೊಲೊಸಿಯಮ್ಮಿನಲ್ಲಿ ಆತ ಮಾಡಿದ್ದು ಒಂದು ಸರಳ ಉಪಾಯ. ಒಂದು ಭಾಗವನ್ನು ರೋಮನರ ಕಾಲದಲ್ಲಿದ್ದ ಹಾಗೆ, ಸಭಿಕರಿಂದ ತುಂಬಿ ಕಟ್ಟಿದ. ಇನ್ನೊಂದು ಭಾಗವನ್ನು ಇಂದಿನ ಪಾಳಾಗಿ, ಪ್ರವಾಸಿಗಳೊಡನೆ ಕಟ್ಟಿದ. ಅಂದು ಸಾವನ್ನು ನೋಡಲು ಬಂದವರೂ ಇಂದು ಕಲ್ಲನ್ನು ನೋಡಲು ಬಂದವರೂ ಒಂದೇ ಅಂಡಾಕಾರದಲ್ಲಿ ಎದುರುಬದುರಾಗಿ ನಿಂತಿದ್ದಾರೆ. ಎರಡು ಕಡೆಯವರೂ ಅದೇ ಅಚ್ಚಿನ ಬೊಂಬೆಗಳು. ಕಂಪನಿಯ ಅನಂತರದ ಪೆಟ್ಟಿಗೆಯಲ್ಲಿ ಇಲ್ಲದ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ: ನೋಡುವ ನಾವು ಯಾರ ಸಾಲಿನವರು?

ಅಕ್ರೊಪೊಲಿಸ್ ಈ ಉಪಾಯವನ್ನು ಹಿಗ್ಗಿಸಿತು. ಪುರಾತನದ ದೃಶ್ಯಗಳೂ ಇತ್ತೀಚಿನ ದೃಶ್ಯಗಳೂ ಒಂದೇ ಗುಡ್ಡದ ಮೇಲೆ ನೆರೆದುವು. ಗುಡ್ಡದ ಚರಿತ್ರೆಯೇ ಇದನ್ನು ಬೇಡುತ್ತದೆ. ಅಥೀನಾ ದೇವಿಯ ಪಾರ್ಥೆನಾನ್ ಕ್ರೈಸ್ತರ ಇಗರ್ಜಿಯಾಯಿತು, ತುರ್ಕರ ಮಸೀದಿಯಾಯಿತು, ಮದ್ದಿನ ಮನೆಯಾಗಿ 1687ರಲ್ಲಿ ವೆನಿಸಿನವರ ಗುಂಡಿಗೆ ಸಿಡಿಯಿತು, 1801ರಿಂದ ಎಲ್ಗಿನ್ ಪ್ರಭುವಿನ ಆಳುಗಳು ಅದರ ಶಿಲ್ಪಗಳನ್ನು ಕಳಚಿ ಇಂಗ್ಲೆಂಡಿಗೆ ಸಾಗಿಸಿದರು. ಯಾವ ಪಾರ್ಥೆನಾನನ್ನು ಕಟ್ಟಬೇಕು? ಒಂದನ್ನು ಆರಿಸಿದರೆ ಉಳಿದವನ್ನು ಅಳಿಸಿದ ಹಾಗೆ. ಎಲ್ಲ ಕಾಲವನ್ನೂ ಒಟ್ಟಿಗೆ ತಂದದ್ದು ಆದ್ದರಿಂದ ಉಚಿತವೇ. ಆದರೆ ಕಾಲಗಳು ಹೀಗೆ ಜಾತ್ರೆಯಂತೆ ಬೆರೆತಾಗ ನೋಡುವವನು ಯಾರು ಎಲ್ಲಿದ್ದಾರೆಂದು ಹುಡುಕುವ ಮೋಜಿನಲ್ಲಿ ಮುಳುಗುವ ಅಪಾಯವಿದೆ. ಹಾಸ್ಯ ಮಿಕ್ಕು, ಕ್ರಮ ಕಾಣೆಯಾಗುತ್ತದೆ. ಮೂರರಲ್ಲಿ ಇದು ಸಡಿಲವಾದ ಕೃತಿಯೆಂದು ನಮ್ಮ ಅಭಿಪ್ರಾಯ. ಆದರೆ ಅದರ ಮುಂದಿನ ಕಥೆ ಕೃತಿಗಿಂತ ಅರ್ಥಪೂರ್ಣವಾದದ್ದು. ನಿಕೊಲ್ಸನ್ನಿನವರು ಅದನ್ನು ಅಥೆನ್ಸಿನ ಅಕ್ರೊಪೊಲಿಸ್ ವಸ್ತುಸಂಗ್ರಹಾಲಯಕ್ಕೆ ಕಾಣಿಕೆಯಾಗಿ ಕಳುಹಿಸಿದರು. ಮೂಲದ ಅಮೃತಶಿಲೆ ಲಂಡನ್ನಿನಲ್ಲಿದೆ. ಪ್ಲಾಸ್ಟಿಕ್ಕಿನ ಪ್ರತಿಕೃತಿ ಸಮುದ್ರ ದಾಟಿ ಊರಿಗೆ ಬಂದಿತು!

ಪೊಂಪೆಯೇ ಈ ಸಾಲಿನ ಶ್ರೇಷ್ಠ ಕೃತಿ. ಇಲ್ಲಿ ಕಾಲಗಳು ಬೆರೆತಿಲ್ಲ, ಮೂರಾಗಿ ವಿಂಗಡವಾಗಿವೆ: ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಸಿಡಿದ ಗಳಿಗೆ, ಹದಿನೆಂಟನೆಯ ಶತಮಾನದಲ್ಲಿ ಊರನ್ನು ಅಗೆದು ತೆಗೆದ ಕಾಲ, ಇಂದಿನ ದಿನ. ನಡುವಿನ ಆ ಭಾಗವೇ ಮುಖ್ಯವಾದದ್ದು. 1748ರಲ್ಲಿ ಅಗೆತ ಶುರುವಾಗದಿದ್ದರೆ ಮೊದಲ ಪೊಂಪೆಯನ್ನು ನಾವು ಹೀಗೆ ಕಾಣುತ್ತಿರಲಿಲ್ಲ. ಕಂಡದ್ದು ಹೇಗೆ ಎಂಬುದನ್ನು ಕಾಣಿಸುವುದೂ ಇತಿಹಾಸದ ಪ್ರಾಮಾಣಿಕತೆ. ಬಹುತೇಕ ಮಾದರಿಗಳು ಇದನ್ನು ಮರೆಯುತ್ತವೆ. ತಾವು ನೇರವಾಗಿ ಗತಕಾಲವನ್ನು ಕಂಡು ಬಂದ ಹಾಗೆ ನಟಿಸುತ್ತವೆ. ನಡುವೆ ನಿಂತ ಗುದ್ದಲಿಯವನನ್ನು ಅಳಿಸಿಬಿಡುತ್ತವೆ.

ಪೊಂಪೆಯ ವಿಷಯದಲ್ಲಿ ಇನ್ನೊಂದು ಮಾತು ಹೇಳದಿರಲಾಗದು. ಬೂದಿಯಲ್ಲಿ ಹೂತವರ ದೇಹ ಕರಗಿ ಹೋದಲ್ಲಿ ದೇಹದ ಆಕಾರದ ಟೊಳ್ಳು ಉಳಿದಿತ್ತು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಆ ಟೊಳ್ಳುಗಳಿಗೆ ಗಾರೆಯ ಪಾಕ ಸುರಿದು ಸತ್ತವರ ಕೊನೆಯ ಭಂಗಿಯನ್ನು ಹೊರತೆಗೆದ. ಅವೂ ಎರಕವೇ. ಲೆಗೊ ಬೊಂಬೆಯೂ ಎರಕವೇ. ಉಕ್ಕಿನ ಟೊಳ್ಳಿಗೆ ಕಾದ ಪ್ಲಾಸ್ಟಿಕ್ ಸುರಿದು ಮಾಡಿದ್ದು. ಒಂದು ಟೊಳ್ಳು ಒಬ್ಬನೇ ಮನುಷ್ಯನದು, ಇನ್ನೊಬ್ಬನಿಗೆ ಹೊಂದದು. ಇನ್ನೊಂದು ಟೊಳ್ಳಿನಿಂದ ಕೋಟಿಗಟ್ಟಲೆ ಒಂದೇ ಮೈಕಟ್ಟಿನವರು ಹುಟ್ಟುತ್ತಾರೆ. ಇಟ್ಟಿಗೆಯಲ್ಲಿ ಇತಿಹಾಸ ಕಟ್ಟುವವನ ಕಷ್ಟವೆಲ್ಲ ಈ ಎರಡು ಎರಕಗಳ ನಡುವೆ ಇದೆ. ಯಾರೂ ಒಬ್ಬನಲ್ಲದ ಬೊಂಬೆಯಿಂದ, ಒಬ್ಬನೇ ಒಬ್ಬನಾಗಿದ್ದವನ ನೆನಪನ್ನು ತರಬೇಕು. ಊರಿನ ಬೀದಿ, ಅಂಗಡಿ, ಮಾಳಿಗೆಗಳಲ್ಲಿ ಅದನ್ನು ಸ್ವಲ್ಪಮಟ್ಟಿಗೆ ಸಾಧಿಸಬಹುದು. ಮುಖದಲ್ಲಿ ಸಾಧಿಸುವುದು ಅಸಾಧ್ಯ. ಒಳ್ಳೆಯ ಕುಶಲಿ ಇದನ್ನು ತಿಳಿದು ಮುಖವನ್ನು ನೆಚ್ಚದೆ ಸ್ಥಳವನ್ನು ನೆಚ್ಚುತ್ತಾನೆ.

ಏಳು ಪೆಟ್ಟಿಗೆಗಳು

ಈ ಕಲೆಯ ಮಿತಿಯನ್ನು ಎಲ್ಲರಿಗಿಂತ ಕಠಿಣವಾಗಿ ಪರೀಕ್ಷಿಸಿದವನು ಪೋಲೆಂಡಿನ ಕಲಾವಿದ ಜ್‌ಬಿಗ್ನಿಯೆವ್ ಲಿಬೆರಾ. 1996ರಲ್ಲಿ ಆತ ಅಂಗಡಿಯಲ್ಲಿ ಸಿಗುವಂಥವೇ ಎನ್ನಿಸುವ ಏಳು ಪೆಟ್ಟಿಗೆಗಳನ್ನು ಮಾಡಿದ. ಮುಚ್ಚಳದ ಮೇಲೆ ಒಳಗಿನ ಮಾದರಿಯ ಬಣ್ಣದ ಚಿತ್ರ. ಮಾದರಿ ಯಾವುದು? ನಾತ್ಸಿಗಳ ಯಾತನಾಶಿಬಿರ. ಸಾಲು ಕೊಟ್ಟಡಿಗಳು, ಬೇಲಿ, ಕಾವಲುಗಾರರು, ಹೆಣ ಸುಡುವ ಮನೆ. ಸೆರೆಯಾಳುಗಳಾಗಿ ನಿಂತವು ಕಂಪನಿಯದೇ ಅಸ್ಥಿಪಂಜರದ ಬೊಂಬೆಗಳು, ಮಕ್ಕಳನ್ನು ರಂಜಿಸಲು ಮಾಡಿದ್ದವು. ಇಟ್ಟಿಗೆಗಳು ಕೂಡ ಕಂಪನಿಯಿಂದಲೇ ಬಂದಿದ್ದುವು. ವಿಷಯ ತಿಳಿದ ಮೇಲೆ ಕಂಪನಿ ಆಕ್ಷೇಪವೆತ್ತಿತು. 1997ರ ವೆನಿಸ್ ಕಲಾಪ್ರದರ್ಶನದ ಪೋಲಿಷ್ ಮಂಟಪದಲ್ಲಿ ಇದನ್ನಿಡುವುದು ಬೇಡವೆಂದು ಮಂಟಪದ ಹೊಣೆ ಹೊತ್ತವರು ಕೇಳಲಾಗಿ ಲಿಬೆರಾ ತಾನೇ ಪ್ರದರ್ಶನದಿಂದ ಹಿಂದೆ ಸರಿದ. ಇಂದು ವಾರ್ಸಾದ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಈ ಕೃತಿಯ ಒಂದು ಪ್ರತಿಯಿದೆ.

ಇದನ್ನು ಕಂಡು ರೇಗಿದವರನ್ನು ನಾವು ದೂಷಿಸಲಾರೆವು. ಅಷ್ಟು ದೊಡ್ಡ ದುಃಖವನ್ನು ಆಟಿಕೆಯ ಪೆಟ್ಟಿಗೆಗೆ ತುಂಬಬಹುದೆ? ಇದು ಔಚಿತ್ಯದ ಭಂಗವಲ್ಲವೆ? ಹೌದು, ಭಂಗವೇ. ಆದರೆ ಭಂಗವಾದದ್ದು ಯಾವುದರ ಔಚಿತ್ಯ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಲಿಬೆರಾ ಯಾತನಾಶಿಬಿರವನ್ನು ಆಟವೆಂದು ಹೇಳಲಿಲ್ಲ. ಇಟ್ಟಿಗೆಗೆ ಇಟ್ಟಿಗೆ ಜೋಡಿಸಿ, ನಕ್ಷೆಯಂತೆ, ತಪ್ಪಿಲ್ಲದೆ, ಪ್ರಶ್ನೆ ಕೇಳದೆ ಕಟ್ಟುವ ಗುಣವನ್ನು ನಾವು ಮಕ್ಕಳಲ್ಲಿ ಮೆಚ್ಚುತ್ತೇವೆ. ಆ ಶಿಬಿರಗಳನ್ನು ಕಟ್ಟಿದವರಲ್ಲಿಯೂ ಇದೇ ಗುಣವಿತ್ತು. ಅಚ್ಚುಕಟ್ಟು ತಾನಾಗಿ ಒಂದು ಸದ್ಗುಣವಲ್ಲ. ಏನನ್ನು ಕಟ್ಟುತ್ತಿದ್ದೇನೆಂದು ಕೇಳದ ಕೈ ಯಾವುದನ್ನಾದರೂ ಕಟ್ಟೀತು. ಈ ಮಾತನ್ನು ಪ್ರಬಂಧದಲ್ಲಿ ಹೇಳಿದ್ದರೆ ಹೌದೆಂದು ತಲೆದೂಗಿ ಮರೆಯುತ್ತಿದ್ದೆವು. ಪೆಟ್ಟಿಗೆಯಲ್ಲಿ ಹೇಳಿದ್ದರಿಂದ ಮರೆಯಲು ಆಗಿಲ್ಲ.

ಅದೇ ಪೋಲೆಂಡಿನಲ್ಲಿ ಕೋಬಿ ಎಂಬ ಕಂಪನಿಯು ಎರಡನೆಯ ಮಹಾಯುದ್ಧದ ಟ್ಯಾಂಕು, ವಿಮಾನ, ಹಡಗುಗಳನ್ನು ಇಂಥದೇ ಇಟ್ಟಿಗೆಯಲ್ಲಿ ಮಾಡಿ ಮಾರುತ್ತದೆ. ಕೊ೦ಡು ಕಟ್ಟುವವರು ಬಹು ಮಂದಿ. ಯಂತ್ರದ ವಿವರಗಳಲ್ಲಿ ಅವರ ಶ್ರದ್ಧೆ ದೊಡ್ಡದು. ಆದರೆ ಯಾವ ಟ್ಯಾಂಕು ಯಾವ ಊರಿನ ಬೀದಿಗೆ ನುಗ್ಗಿತೆಂಬುದನ್ನು ಮಾದರಿ ಹೇಳುವುದಿಲ್ಲ. ಕಪಾಟಿನಲ್ಲಿ ಒಂದು ಪಕ್ಷದ ಟ್ಯಾಂಕಿನ ಪಕ್ಕ ಇನ್ನೊಂದು ಪಕ್ಷದ ಟ್ಯಾಂಕು ಸಮಾಧಾನವಾಗಿ ನಿಂತಿರುತ್ತದೆ. ಲಿಬೆರಾನ ಪೆಟ್ಟಿಗೆಯನ್ನು ನೋಡಿ ಬೆಚ್ಚುವ ನಾವು ಇದನ್ನು ನೋಡಿ ಬೆಚ್ಚುವುದಿಲ್ಲ. ಯಾವುದು ಹೆಚ್ಚು ಆಲೋಚನೆಗೆ ಹಚ್ಚಬೇಕಾದದ್ದು ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಪಾಠಾಂತರಗಳ ಲೋಕ

ಹಾಗಾದರೆ ಈ ಕಲೆಯನ್ನು ತಿದ್ದುವವರು ಯಾರು? ಕಂಪನಿಯಲ್ಲ, ವಸ್ತುಸಂಗ್ರಹಾಲಯವೂ ಅಲ್ಲ. ಕಟ್ಟಿದ್ದನ್ನು ಪರಸ್ಪರ ಹಂಚಿಕೊಳ್ಳುವ ಹವ್ಯಾಸಿಗಳು. 1995ರಲ್ಲಿ ಆಸ್ಟ್ರೇಲಿಯದ ಜೇಮ್ಸ್ ಜೆಸ್ಸಿಮನ್ ಎಂಬ ತರುಣ ಇಟ್ಟಿಗೆಯ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಎಲ್‌ಡ್ರಾ ಎಂಬ ಕ್ರಮವನ್ನು ರೂಪಿಸಿದ. ಯಾವ ತುಂಡು, ಯಾವ ಬಣ್ಣ, ಎಲ್ಲಿ, ಯಾವ ದಿಕ್ಕಿಗೆ ಎಂಬುದನ್ನು ಸಾಲುಸಾಲಾಗಿ ದಾಖಲಿಸುವ ಲಿಪಿ ಅದು. 1997ರಲ್ಲಿ ಆತ ತೀರಿಕೊಂಡ; ಲಿಪಿ ಮಾತ್ರ ಉಳಿಯಿತು. ಸ್ವಯಂಸೇವಕರು ಇಂದಿಗೂ ಅದರ ತುಂಡುಗಳ ಕೋಶವನ್ನು ಬೆಳೆಸುತ್ತಿದ್ದಾರೆ. ಇದಕ್ಕೆ ಮೊದಲು ಮಾದರಿಯೊಂದು ಕಳಚಿದರೆ ಸತ್ತಂತೆ. ಫೋಟೋ ಉಳಿದರೆ ಉಳಿಯಿತು. ಈಗ ಒಂದು ಖಂಡದಲ್ಲಿ ಕಟ್ಟಿದ ಗೋಡೆಯನ್ನು ಇನ್ನೊಂದು ಖಂಡದವನು ಕಲ್ಲು ಕಲ್ಲಾಗಿ ಓದಬಲ್ಲ.

ಓದುವವನು ಸುಮ್ಮನಿರುವುದಿಲ್ಲ. ನಮ್ಮ ಓಲೆಗರಿಯ ಕಾಲದಲ್ಲಿ ಲಿಪಿಕಾರನು ಪ್ರತಿ ಮಾಡುವಾಗ ಒಂದಿಷ್ಟು ತಿದ್ದಿ, ಒಂದಿಷ್ಟು ಕೆಡಿಸಿ, ಪಾಠಾಂತರಗಳು ಹುಟ್ಟುತ್ತಿದ್ದುವಷ್ಟೆ. ಇಲ್ಲಿಯೂ ಹಾಗೆಯೇ. ಒಬ್ಬನು ಮರದ ಚೌಕಟ್ಟಿನ ಮಧ್ಯಯುಗದ ಮನೆಯನ್ನು ತೋರಿಸುತ್ತಾನೆ. ಇನ್ನೊಬ್ಬನು ಆ ಕಾಲದಲ್ಲಿ ಕಿಟಕಿಗೆ ಇಷ್ಟು ದೊಡ್ಡ ಗಾಜಿರಲಿಲ್ಲವೆನ್ನುತ್ತಾನೆ. ಮೂರನೆಯವನು ಗಾಜನ್ನು ತೆಗೆದು ಮರದ ಬಾಗಿಲು ಹಚ್ಚಿ ಕಟ್ಟುತ್ತಾನೆ. ಮೂಲಕಾರನ ಹೆಸರು ಉಳಿಸಿಕೊಂಡು ಕೃತಿ ಬೆಳೆಯುತ್ತದೆ. ಈ ಕಲೆಗೆ ನಿಜವಾದ ವಿಮರ್ಶೆ ನಡೆಯುತ್ತಿರುವುದು ಇಲ್ಲಿಯೇ. ತಪ್ಪನ್ನು ಬಾಯಲ್ಲಿ ಹೇಳದೆ ಕಟ್ಟಿ ತೋರಿಸುವ ವಿಮರ್ಶೆ.

ಕಂಪನಿಯೂ ಈ ಲೋಕಕ್ಕೆ ಒಂದು ಬಾಗಿಲು ತೆರೆದಿದೆ. 2008ರಲ್ಲಿ ಜಪಾನಿನಲ್ಲಿ ಶುರುವಾಗಿ ಈಗ ಲೆಗೊ ಐಡಿಯಾಸ್ ಎನ್ನಿಸಿಕೊಂಡಿರುವ ಏರ್ಪಾಟಿನಲ್ಲಿ ಹವ್ಯಾಸಿಯ ಮಾದರಿಗೆ 10,000 ಜನರ ಬೆಂಬಲ ಸಿಕ್ಕರೆ ಕಂಪನಿ ಅದನ್ನು ಪರಿಶೀಲಿಸುತ್ತದೆ. ಒಪ್ಪಿದರೆ ತಿದ್ದಿ ಮಾರುಕಟ್ಟೆಗೆ ತರುತ್ತದೆ. 2021ರ ಕಮ್ಮಾರಸಾಲೆಯೂ ಮೇಲೆ ಹೇಳಿದ ವೈಕಿಂಗ್ ಹಳ್ಳಿಯೂ ಹೀಗೆ ಬಂದುವು. ಬಾಗಿಲು ತೆರೆದಿದೆ ನಿಜ. ಆದರೆ ಹೊಸ್ತಿಲು ಎರಡು. ಒಂದು ಬಹುಮತದ್ದು, ಇನ್ನೊಂದು ಕಂಪನಿಯದು. ಹತ್ತು ಸಾವಿರ ಜನ ತಮ್ಮ ಮನೆಯ ಮೇಜಿನ ಮೇಲೆ ಕ್ಷಾಮವನ್ನು ಇಟ್ಟುಕೊಳ್ಳಲು ಬಯಸುವರೆ? ಕಮ್ಮಾರಸಾಲೆಯನ್ನೇ ಬಯಸುವರು. ಆದ್ದರಿಂದ ಈ ಬಾಗಿಲಿನಿಂದ ಬರುವ ಇತಿಹಾಸಕ್ಕೆ ಹಿತವಾದ ಬೆಳಕು, ಬೆಚ್ಚಗಿನ ಒಲೆ, ಹಣ್ಣು ಬಿಟ್ಟ ಮರ ತಪ್ಪುವುದಿಲ್ಲ. ಹಿತವಲ್ಲದ್ದು ಹವ್ಯಾಸಿಗಳ ಸ್ವಂತ ಪ್ರದರ್ಶನಗಳಲ್ಲಿ, ಹಂಚಿಕೊಂಡ ನಕ್ಷೆಗಳಲ್ಲಿ ಉಳಿಯಬೇಕು. ಅಲ್ಲಿಯೂ ತಡೆ ಬಂದದ್ದುಂಟು. 2015ರಲ್ಲಿ ಚೀನದ ಕಲಾವಿದ ಐ ವೈವೈಗೆ ಸಗಟಾಗಿ ಇಟ್ಟಿಗೆ ಮಾರಲು ಕಂಪನಿ ನಿರಾಕರಿಸಿತು. ಜನರೇ ತಮ್ಮ ಮನೆಯ ಇಟ್ಟಿಗೆಗಳನ್ನು ಕೊಟ್ಟರು. 2016ರ ಜನವರಿಯಿಂದ ಸಗಟು ಕೊಳ್ಳುವವರನ್ನು ಯಾವ ವಿಷಯಕ್ಕೆಂದು ಕೇಳುವುದನ್ನು ಕಂಪನಿ ಬಿಟ್ಟಿತು. ಒಳ್ಳೆಯ ತೀರ್ಮಾನ. ಇಟ್ಟಿಗೆ ಮಾರುವವನು ಕೇಳಬಾರದ ಪ್ರಶ್ನೆಯನ್ನು ಇಟ್ಟಿಗೆ ಜೋಡಿಸುವವನು ಮಾತ್ರ ತನಗೆ ತಾನೇ ಕೇಳಿಕೊಳ್ಳಲೇಬೇಕು.

‘ಮಗುವಿಗೆ ಇದೆಲ್ಲ ಬೇಕೆ? ಸಂಜೆ ಹೊತ್ತು ಕೋಟೆ ಕಟ್ಟಿ ಸಂತೋಷಪಡಲಿ ಬಿಡಿ’ ಎನ್ನುವ ತಾಯಿತಂದೆಗಳ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಕೋಟೆಯೊಳಗೆ ಹೆಣಗಳಿರಬೇಕೆಂದು ಯಾರೂ ಹಟ ಹಿಡಿದಿಲ್ಲ. ಮೂರು ಪ್ರಶ್ನೆಗಳನ್ನು ಜೊತೆಗಿಟ್ಟರೆ ಸಾಕು: ಇದು ಯಾವ ವರ್ಷದ ಕೋಟೆ? ಇದರೊಳಗೆ ಯಾರಿದ್ದರು, ಯಾರನ್ನು ಒಳಗೆ ಬಿಡುತ್ತಿರಲಿಲ್ಲ? ಈಗ ಅದರಲ್ಲಿ ಉಳಿದಿರುವುದೆಷ್ಟು? ಮೊದಲನೆಯದಕ್ಕೆ ಉತ್ತರ ಹುಡುಕುವ ಮಗು ಪುಸ್ತಕ ತೆರೆಯುತ್ತದೆ. ಎರಡನೆಯದಕ್ಕೆ ಉತ್ತರ ಹುಡುಕುವಾಗ ಬೊಂಬೆಗಳು ಸಾಲವು ಎಂದು ತಿಳಿಯುತ್ತದೆ. ಮೂರನೆಯದಕ್ಕೆ ಉತ್ತರವಾಗಿ ತಾನೇ ಕಟ್ಟಿದ ಗೋಡೆಯಿಂದ ಕೆಲವು ಇಟ್ಟಿಗೆಗಳನ್ನು ಕಿತ್ತರೆ, ಕೈಪಿಡಿ ಹೇಳದ ಜಾಗದಲ್ಲಿ ಕಿತ್ತರೆ, ಆ ಹೊತ್ತಿಗೆ ಅದು ಪೆಟ್ಟಿಗೆಯವರ ಮಾದರಿಯಾಗಿ ಉಳಿಯದೆ ಮಗುವಿನ ಸ್ವಂತ ಕೃತಿಯಾಗುತ್ತದೆ.

ಬಿಗಿಯಾಗಿ ಕಚ್ಚುವುದಕ್ಕಾಗಿ ಅವತರಿಸಿದ ಇಟ್ಟಿಗೆಯ ನಿಜವಾದ ಹೆಚ್ಚುಗಾರಿಕೆ, ಅದನ್ನು ಬಿಡಿಸಬಹುದೆಂಬುದು. ಕಲ್ಲಿನ ಸ್ಮಾರಕ ತಪ್ಪು ಹೇಳಿದರೆ ಶತಮಾನಗಳ ಕಾಲ ಹೇಳುತ್ತಲೇ ಇರುತ್ತದೆ. ಇದು ತಪ್ಪು ಹೇಳಿದರೆ ಒಂದು ಸಂಜೆಯಲ್ಲಿ ಬಿಚ್ಚಿ ಮತ್ತೆ ಕಟ್ಟಬಹುದು. ಇತಿಹಾಸ ಬರೆಯುವವರಿಗೆ ಅಷ್ಟು ಸಲೀಸಾಗಿ ಸಿಗದ ಅನುಕೂಲವಿದು. ಕಟ್ಟುವವರು ಇದನ್ನು ಹೆಚ್ಚು ಹೆಚ್ಚಾಗಿ ಬಳಸಿಕೊಳ್ಳಲೆಂದು ಹಾರೈಸೋಣ.